ಎಕ್ಸ್‌ರೇ ನಾಗಶ್ರೀಯ ಬೆನ್ನು

ಬೆನ್ನು ನೋವು ಅಂದರೆ ನಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಲು ಮುರಿದರೆ ಹಣ್ಣು ಹಿಡಿದು ನೋಡಲು ಬರುತ್ತಾರೆ, ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಾರೆ, ಬೆನ್ನು ನೋವು ಅಂದರೆ ಮಾತ್ರ ‘ವಯಸ್ಸಾಯ್ತು ಬುಡಮ್ಮ’ ಅಂದು ಮುಗಿಸುತ್ತಾರೆ. ನಾಗಶ್ರೀಗೆ ಆದದ್ದು ಅದಕ್ಕಿಂತ ಒಂದು ಕೈ ಹೆಚ್ಚು. ಅವಳು ಬೆನ್ನು ನೋವು ಅಂದಾಗ ಮದ್ದೂರಿನ ಆಸ್ಪತ್ರೆಯೂ ನಕ್ಕಿತು, ಕೆರಗೋಡಿನ ಅವಳ ತವರೂ ನಕ್ಕಿತು.

ನನ್ನ ಹೆಸರು ಶೋಭಿತಾ. ಮದ್ದೂರಿನ ಹಳೆ ಹೆದ್ದಾರಿ ಬದಿಯಲ್ಲಿ ಒಂದು ಮೂಳೆ ಆಸ್ಪತ್ರೆ ಇದೆ. ಅದರೊಳಗೆ ಔಷಧಿ ಅಂಗಡಿ ಇಟ್ಟುಕೊಂಡಿರುವವಳು ನಾನು. ನನ್ನ ಕೌಂಟರಿನ ಎದುರಿಗೇ ಎಕ್ಸ್‌ರೇ ಕೋಣೆಯ ಬಾಗಿಲು. ಹಾಗಾಗಿ ಆ ಕೋಣೆಗೆ ಯಾರು ಹೋದರು, ಹೇಗೆ ಹೋದರು, ಬರುವಾಗ ಮುಖ ಹೇಗಿತ್ತು ಅನ್ನುವುದೆಲ್ಲ ನನಗೆ ಗೊತ್ತು. ಇನ್ನೊಬ್ಬರ ವಿಷಯ ನಿನಗೆ ಯಾಕಮ್ಮ ಅನ್ನುವವರು ಈ ಪುಟ ಮಗುಚಿ ಮುಂದೆ ಹೋಗಬಹುದು.

ನಾಗಶ್ರೀ ಆ ಕೋಣೆಯ ಟೆಕ್ನಿಷಿಯನ್. ಹುಟ್ಟಿದ್ದು ಕೆರಗೋಡಿನಲ್ಲಿ, ಡಿಪ್ಲೊಮಾ ಓದಿದ್ದು ಮಂಡ್ಯದಲ್ಲಿ, ಮದುವೆಯಾಗಿ ಬಂದು ಸೇರಿದ್ದು ಮದ್ದೂರಿಗೆ. ಗಂಡ ಶಿವರಾಜು ಸೋಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ, ಒಳ್ಳೆಯವನು, ಮಾತು ಕಡಿಮೆ. ಇವಳದು ಎತ್ತರದ ಆಳು, ದೊಡ್ಡ ದನಿ. ‘ಅಲ್ಲಾಡ್ಬ್ಯಾಡಿ!’ ಅಂತ ಒಳಗಿನಿಂದ ಕೂಗಿದರೆ ಹೊರಗೆ ಮಾತ್ರೆ ಎಣಿಸುತ್ತಿದ್ದ ನನ್ನ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಎಕ್ಸ್‌ರೇ ಅಂದರೆ ಗುಂಡಿ ಒತ್ತುವ ಕೆಲಸ ಅಂತ ಜನ ತಿಳಿದಿದ್ದಾರೆ. ಗುಂಡಿ ಒತ್ತುವುದು ಕೊನೆಗೆ. ಅದಕ್ಕೆ ಮುಂಚೆ ಸೊಂಟ ಮುರಿದುಕೊಂಡು ಸ್ಟ್ರೆಚರ್ ಮೇಲೆ ಬಂದವನನ್ನು ಟೇಬಲ್ಲಿಗೆ ಹಾಕಬೇಕು. ಸ್ಟ್ರೆಚರ್ ಒಂದು ಎತ್ತರ, ಟೇಬಲ್ ಇನ್ನೊಂದು ಎತ್ತರ, ನಡುವೆ ಬಾಯಿ ಬಿಟ್ಟ ಸಂದಿ. ನಮ್ಮ ಕಡೆಯವರೋ ಮುದ್ದೆ ಉಂಡು ಬೆಳೆದವರು, ಮೂಳೆ ಮುರಿದರೂ ತೂಕ ಇಳಿಯುವುದಿಲ್ಲ. ಆಮೇಲೆ ಬಗ್ಗಿ, ಒಂದು ಕೈಯಲ್ಲಿ ತೊಡೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫಿಲಂ ಹಲಗೆಯನ್ನು ಅಡಿಗೆ ತೂರಿಸಬೇಕು. ಮೇಲಿನ ವಾರ್ಡಿನಲ್ಲಿ ಏಳಲಾಗದವರಿದ್ದರೆ ಚಕ್ರದ ಯಂತ್ರವನ್ನು ಇಳಿಜಾರಿನಲ್ಲಿ ತಳ್ಳಿಕೊಂಡು ಹೋಗಬೇಕು. ಮಧ್ಯಾಹ್ನ ಆಪರೇಷನ್ ಇದ್ದರೆ ಕಿರಣ ತಾಗದ ಹಾಗೆ ಸೀಸ ತುಂಬಿದ ಅಂಗಿ ಹೆಗಲಿಗೆ ಹಾಕಿಕೊಂಡು, ಡಾಕ್ಟರು ಮೂಳೆಗೆ ಸರಳು ಕೂರಿಸಿ ಮುಗಿಸುವ ತನಕ ಪಕ್ಕದಲ್ಲಿ ನಿಂತು ಪರದೆ ಮೇಲೆ ಚಿತ್ರ ತೋರಿಸಬೇಕು. ಅವಳು ಆ ಅಂಗಿ ಕಳಚಿ ಬಂದಾಗ ಹೆಗಲ ಮೇಲೆ ಪಟ್ಟಿಯ ಬರೆ ಬಿದ್ದಿರುತ್ತಿತ್ತು. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳಲಾಗದೆ ನನ್ನ ಅಂಗಡಿಗೆ ಬಂದು ‘ವಸಿ ಕ್ಲಿಪ್ ಆಕ್ಕೊಡೆ’ ಅನ್ನುತ್ತಿದ್ದಳು.

ಮೊದಲು ಮರಿಯಯ್ಯ ಅಂತ ಒಬ್ಬ ಅಟೆಂಡರ್ ಇದ್ದ. ಕಾಲ ಕಡೆ ಅವನು, ತಲೆ ಕಡೆ ಇವಳು, ಇಬ್ಬರೂ ಸೇರಿ ಎತ್ತುತ್ತಿದ್ದರು. ಮರಿಯಯ್ಯ ವಯಸ್ಸಾಗಿ ಬಿಟ್ಟು ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ರೋಗಿಯ ಕಡೆಯವರು ಒಳಗೆ ಕಾಲಿಡುವಂತಿಲ್ಲ. ಡಾಕ್ಟರು ಬಾಗಿಲ ಮೇಲೆ ಬೋರ್ಡು ಹಾಕಿಸಿದ್ದರು. ‘ನೀನೊಬ್ಬಳೇ ನಾಕಾಳಿಗೆ ಸಮ ಕಣಮ್ಮ’ ಅಂತ ಬಾಯಿತುಂಬ ಹೊಗಳುತ್ತಿದ್ದರು. ಹೊಗಳಿಕೆ ಒಂದಿದ್ದರೆ ನಮ್ಮಲ್ಲಿ ಆಳು ಇಡುವ ಅಗತ್ಯವೇ ಬೀಳುವುದಿಲ್ಲ.

ಡಾಕ್ಟರ್ ಶಶಿಧರ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಶಿವಪುರದವರು. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸರ್ಕಾರ ಬೇಡವೆಂದರೂ ಅಲ್ಲಿ ಬಾವುಟ ಹಾರಿಸಿದವರಲ್ಲಿ ಅವರ ತಾತನೂ ಒಬ್ಬರಂತೆ. ಆ ಕಥೆಯನ್ನು ಪ್ಲಾಸ್ಟರ್ ಹಾಕುತ್ತ ಹಾಕುತ್ತ ರೋಗಿಗಳಿಗೆ ಹೇಳುತ್ತಾರೆ. ಕೈಗುಣ ಒಳ್ಳೆಯದು. ಅವರಿಗೆ ಒಂದು ಚಟ ಇತ್ತು. ಬೆಳಗಿನ ಹೊತ್ತು ಜನ ತುಂಬಿರುವಾಗ ಫಿಲಂ ಮೇಲಿನ ಹೆಸರು ಮುಚ್ಚಿಸಿ, ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಅದು ಏನು ಕೆಲಸ ಮಾಡುವವರ ಮೂಳೆ ಅಂತ ಹೇಳುತ್ತಿದ್ದರು. ‘ಇವಳು ನಾಟಿ ಆಕೋಳು.’ ‘ಇವನು ಟ್ರ್ಯಾಕ್ಟರ್ ಓಡಿಸೋನು.’ ಹೆಚ್ಚುಪಾಲು ಸರಿಯಾಗುತ್ತಿತ್ತು, ಜನ ಬೆರಗಾಗುತ್ತಿದ್ದರು. ಮಳವಳ್ಳಿಯಿಂದ, ಮಂಡ್ಯದಿಂದಲೂ ಜನ ಬರುತ್ತಿದ್ದುದು ಅರ್ಧ ಇದಕ್ಕೇ. ಜಿಲ್ಲೆಯ ಮೂಳೆಗಳನ್ನೆಲ್ಲ ಓದಿದ ಪುಣ್ಯಾತ್ಮರಿಗೆ ತಮ್ಮ ಪಕ್ಕದಲ್ಲಿ ನಿಂತವಳ ಬೆನ್ನು ಕಾಣಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಕಾಣದೆ ಇರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನಾಗಶ್ರೀ ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅದು ಸಣ್ಣ ಮಾತಲ್ಲ. ಹಾಗೆ ಹುಟ್ಟಿದವರು ಬೆನ್ನು ತುಳಿದರೆ ಎಂಥ ಉಳುಕೂ ಬಿಡುತ್ತದೆ ಅಂತ ನಂಬಿಕೆ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅವಳ ತಾಯಿ ದೇವಿರಮ್ಮ ಭಾನುವಾರ ಬೆಳಗ್ಗೆ ಜಗುಲಿ ಮೇಲೆ ಚಾಪೆ ಹಾಸಿ, ಉಳುಕು ಹಿಡಿದವರನ್ನು ಬೋರಲು ಮಲಗಿಸಿ, ಮಗಳ ಕೈಲಿ ತುಳಿಸುತ್ತಿದ್ದಳು. ದುಡ್ಡು ಮುಟ್ಟುವಂತಿಲ್ಲ, ಎಲೆ ಅಡಿಕೆ ಇಡಬಹುದು. ಮದುವೆಯಾಗಿ ಮದ್ದೂರಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಕೆರಗೋಡಿಗೆ ಹೋಗಿ ತುಳಿದು ಬರುತ್ತಿದ್ದಳು. ವಾರವೆಲ್ಲ ಜನರನ್ನು ಎತ್ತುವುದು, ಭಾನುವಾರ ಜನರ ಮೇಲೆ ಹತ್ತುವುದು, ಇದೇ ಕಣೆ ನನ್ ಬಾಳು ಅಂತ ನಗುತ್ತಿದ್ದಳು.

ಹೀಗಿರುವವಳು ಬೆನ್ನು ನೋವು ಅಂದರೆ ಯಾರು ನಂಬುತ್ತಾರೆ? ಕಾಲು ಮುಂದಾಗಿ ಹುಟ್ಟಿದವರಿಗೆ ಉಳುಕು ಹತ್ತಿರ ಸುಳಿಯುವುದಿಲ್ಲ ಅಂತ ಇನ್ನೊಂದು ನಂಬಿಕೆ ಬೇರೆ. ತಾಯಿಗೆ ಹೇಳಿದರೆ ‘ಯಾರ್ದೋ ಕಣ್ಣು ಬಿದ್ದದೆ’ ಅಂತ ಮೆಣಸಿನಕಾಯಿ ನಿವಾಳಿಸಿದಳು. ನರ್ಸುಗಳಿಗೆ ಹೇಳಿದರೆ ಕಿಸಕ್ಕೆಂದರು. ಡಾಕ್ಟರಿಗೆ ಹೇಳಿ, ಇನ್ನೊಬ್ಬರನ್ನು ಕೊಡಿ, ಹೆಗಲ ಭಾರ ಸೊಂಟಕ್ಕೆ ಹಂಚುವ ಎರಡು ತುಂಡಿನ ಸೀಸದ ಅಂಗಿ ಸಿಗುತ್ತೆ, ಅದನ್ನಾದರೂ ತರಿಸಿ ಅಂತ ಕೇಳಿದಳು. ನಾನು ಅಲ್ಲೇ ಇದ್ದೆ. ಅವರು ತಲೆ ಎತ್ತಲೂ ಇಲ್ಲ.

‘ನಿನಗೆಂಥ ಬೆನ್ನು ನೋವು ನಾಗಶ್ರೀ? ನಿನ್ ಕಾಲು ನಿನ್ ಬೆನ್ನಿಗೆ ಎಟುಕಲ್ಲ, ಅದೊಂದೇ ನಿನ್ನ ಕಾಯ್ಲೆ’ ಅಂದರು.

ಎಲ್ಲರೂ ನಕ್ಕರು. ನಾಗಶ್ರೀಯೂ ನಕ್ಕಳು, ಅದೇ ನನಗೆ ತಡೆಯಲಾಗಲಿಲ್ಲ. ಅಂಗಡಿಗೆ ಬಂದು ಸೊಂಟದ ಬೆಲ್ಟ್ ಕೇಳಿದಳು. ಬೆಲ್ಟ್ ಬಿಗಿಯುತ್ತ ನಾನು ‘ನೀನ್ಯಾಕೆ ನಕ್ಕೆ?’ ಅಂತ ಗದರಿದೆ. ‘ಅಳದಿದ್ರೆ ಸಾಕು ಅಂತ ನಕ್ಕೆ ಕಣೆ’ ಅಂದಳು.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ನಗುವವರು ನಗಲಿ. ನಾನು ಔಷಧಿ ಮಾರುವುದನ್ನೇ ಓದಿದವಳು. ಆದರೂ ಕಳೆದ ವರ್ಷ ಪೆಟ್ಟಿಗೆ ಇಳಿಸುವಾಗ ಬೆನ್ನು ಹಿಡಿದುಕೊಂಡಾಗ, ನನ್ನ ಅಂಗಡಿಯ ಮಾತ್ರೆಗಳನ್ನೆಲ್ಲ ಬಿಟ್ಟು, ಭಾನುವಾರ ಬೆಳಗ್ಗೆ ಕೆರಗೋಡಿನ ಜಗುಲಿ ಮೇಲೆ ಸರದಿಯಲ್ಲಿ ಕೂತಿದ್ದೆ. ಹಾಗೆ ಕೂತಿದ್ದರಿಂದಲೇ ಮುಂದಿನದನ್ನು ಕಣ್ಣಾರೆ ಕಂಡೆ.

ನನಗಿಂತ ಮುಂದೆ ಪಟ್ಟಲಮ್ಮ ಅಂತ ಒಬ್ಬ ಅಜ್ಜಿ. ಕಳೆ ಕೀಳುವಾಗ ಉಳುಕಿತ್ತಂತೆ. ಕಡ್ಡಿ ಮೈ. ಚಾಪೆ ಮೇಲೆ ಬೋರಲು ಮಲಗಿತು. ನಾಗಶ್ರೀ ಗೋಡೆ ಹಿಡಿದು ಬಲಗಾಲು ಮೆಲ್ಲಗೆ ಇಟ್ಟಳು. ಮುದುಕರ ಮೇಲೆ ಹೆಬ್ಬೆರಳಿನ ಭಾರವಷ್ಟೇ ಬಿಡುವುದು ಅವಳ ಕ್ರಮ, ಅದು ನನಗೂ ಗೊತ್ತಿತ್ತು. ಅಜ್ಜಿ ‘ಅಯ್ಯಯ್ಯೋ ಸತ್ತೆ ಕಣವ್ವೋ’ ಅಂತ ಕಿರುಚಿತು. ನಾಗಶ್ರೀ ಕಾಲು ತೆಗೆಯಲಿಲ್ಲ. ಅಜ್ಜಿ ನೆಲ ಬಡಿಯಿತು. ಆಗ ಅವಳು ಬಗ್ಗಿ ತನ್ನ ಕಾಲನ್ನು ತಾನೇ ನೋಡಿದಳು. ಅದು ಎಲ್ಲಿದೆ ಅಂತ ಹುಡುಕುವ ಹಾಗೆ ನೋಡಿದಳು. ಗೋಡೆ ಹಿಡಿದುಕೊಂಡು ಹಿಂದಕ್ಕೆ ಸರಿದು ಕೂತುಬಿಟ್ಟಳು.

‘ಯಾಕ್ ಮಗಾ?’ ಅಂತ ದೇವಿರಮ್ಮ ಓಡಿಬಂದಳು.

‘ಅಜ್ಜಿ ಬೆನ್ನು ನನ್ ಕಾಲಿಗೆ ಸಿಗ್ಲೇ ಇಲ್ಲ ಕಣವ್ವ. ಚಾಪೆ ಮ್ಯಾಲೆ ಇಟ್ಟಿವ್ನೋ, ಮನುಷ್ಯರ ಮ್ಯಾಲೆ ಇಟ್ಟಿವ್ನೋ ಗೊತ್ತಾಯ್ನಿಲ್ಲ. ಭಾರ ಎಲ್ಲ ಬುಟ್ಬುಟ್ಟೆ.’

ಅಜ್ಜಿಗೆ ಏನೂ ಆಗಿರಲಿಲ್ಲ, ಎದ್ದು ಕೂತು ಎಲ್ಲರಿಗೂ ಸೇರಿಸಿ ಬೈಯಿತು, ಕಾಫಿ ಕೊಟ್ಟ ಮೇಲೆ ಸುಮ್ಮನಾಯಿತು. ಆದರೆ ನಾಗಶ್ರೀಯ ಮುಖದಲ್ಲಿ ರಕ್ತ ಇರಲಿಲ್ಲ. ನಾನು ಅವಳ ಬಲಪಾದ ಹಿಡಿದು ಉಗುರಿನಿಂದ ಒತ್ತಿದೆ, ಚಿವುಟಿದೆ. ಹೆಬ್ಬೆರಳಿಂದ ಹಿಡಿದು ಅಂಗಾಲಿನ ಅರ್ಧದವರೆಗೆ ಅವಳಿಗೆ ಏನೂ ಗೊತ್ತಾಗಲಿಲ್ಲ. ಊರೆಲ್ಲ ನಂಬಿದ್ದ ಆ ಕಾಲು ಮರಗಟ್ಟಿ ಹೋಗಿತ್ತು.

ಜಗುಲಿಯಲ್ಲಿ ಇನ್ನೂ ಜನ ಕಾಯುತ್ತಿದ್ದರು. ದೇವಿರಮ್ಮ ‘ಇನ್ನೊಂದ್ ಗಳಿಗೆ ಕುಂತಿದ್ದು ತುಳಿ ಮಗಾ, ದೂರದಿಂದ ಬಂದವ್ರೆ’ ಅಂದಳು. ನಾಗಶ್ರೀ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು.

‘ಇನ್ಮೇಲೆ ನಾನು ಯಾರ್ ಬೆನ್ನೂ ತುಳಿಯಾಕಿಲ್ಲ. ನನ್ ಬೆನ್ನೇ ಓಗ್ಬುಟ್ಟದೆ. ಓಗಿ ಎಲ್ರೂ.’

‘ದ್ಯಾವ್ರು ಕೊಟ್ಟ ಕಾಲು ಕಣೆ ಅದು!’

‘ದ್ಯಾವ್ರು ಕೊಟ್ಟಿದ್ದು ನಿಜ ಕಣವ್ವ. ಆಸ್ಪತ್ರೆ ತಿಂದ್ಬುಡ್ತು.’

ದೇವಿರಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ಮಗಳ ಕಾಲಿನಿಂದ ಆ ಮನೆಗೆ ಒಂದು ಮರ್ಯಾದೆ ಇತ್ತು, ಅದು ಅವತ್ತು ಹೋಯಿತು. ನನ್ನ ಉಳುಕು ಹಾಗೇ ಉಳಿಯಿತು, ಆಮೇಲೆ ತಾನಾಗೇ ಬಿಟ್ಟಿತು.

ಮಂಡ್ಯದಲ್ಲಿ ಅವಳ ಜೊತೆ ಓದಿದವಳೊಬ್ಬಳು ಸ್ಕ್ಯಾನ್ ಕೇಂದ್ರದಲ್ಲಿದ್ದಳು. ಅಲ್ಲಿ ಹೋಗಿ ಎಂ.ಆರ್.ಐ. ಮಾಡಿಸಿದಳು. ಅಲ್ಲಿನ ಡಾಕ್ಟರು ಹೇಳಿದ್ದು ಇಷ್ಟು: ಸೊಂಟದ ಕೆಳಗಿನ ಡಿಸ್ಕ್ ಆಚೆಗೆ ಜಾರಿ ನರ ಒತ್ತಿದೆ, ವ್ಯಾಯಾಮದಲ್ಲಿ ಸರಿಯಾಗಬಹುದು, ಕಾಲಿನ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು. ಭಾರ ಎತ್ತಿದರೆ ಮಾತ್ರ ಆಪರೇಷನ್ನೇ ಗತಿ, ಆಗ ಕಾಲು ಎಳೆಯುತ್ತ ನಡೆಯಬೇಕಾದೀತು. ಶಿವರಾಜು ‘ಕೆಲ್ಸ ಬುಟ್ಬುಡು’ ಅಂದ. ಅವಳು ‘ತಪ್ಪು ಮಾಡ್ದೋಳು ನಾನಾ, ಬುಡಕ್ಕೆ?’ ಅಂದಳು.

ಮಾರನೆಯ ಬೆಳಗ್ಗೆ ಆಸ್ಪತ್ರೆಯಲ್ಲಿ ಎಂದಿನಂತೆ ಜನ. ಡಾಕ್ಟರು ದೀಪದ ಪೆಟ್ಟಿಗೆ ಹತ್ತಿರ ನಿಂತು ಆಟ ಶುರು ಮಾಡಿದ್ದರು. ನಾಗಶ್ರೀ ಫಿಲಂಗಳನ್ನು ಒಂದೊಂದಾಗಿ ಕೊಡುತ್ತಿದ್ದಳು, ಎಲ್ಲಕ್ಕೂ ಹೆಸರಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಮಣಿಕಟ್ಟು ಒಂದು, ಮೊಣಕಾಲು ಒಂದು. ಆಮೇಲೆ ಸ್ಕ್ಯಾನಿನ ದೊಡ್ಡ ಫಿಲಂ ಒಂದನ್ನು ಕೊಟ್ಟಳು. ಅದನ್ನು ಕೊಟ್ಟು ಅವಳು ಹಿಂದೆ ಸರಿಯದೆ ಅಲ್ಲೇ ನಿಂತದ್ದನ್ನು ಕೌಂಟರಿನಿಂದಲೇ ಕಂಡೆ. ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತೆ.

ಡಾಕ್ಟರು ಕನ್ನಡಕ ಏರಿಸಿ ನೋಡಿದರು. ದನಿಯಲ್ಲಿದ್ದ ತಮಾಷೆ ಇಳಿಯಿತು.

‘ನೋಡ್ರಪ್ಪ, ಇದು ಕುಂತು ತಿಂದೋನ ಬೆನ್ನಲ್ಲ. ದಿನಾ ಬಗ್ಗಿ ಬಗ್ಗಿ ಭಾರ ಎತ್ತಿರೋನ್ದು. ಈ ಡಿಸ್ಕ್ ಆಚೆ ಬಂದು ನರದ ಮೇಲೆ ಕುಂತದೆ, ಕಾಲು ಮರಗಟ್ಟಿರಬೇಕು. ಒಂದಿನದ್ದಲ್ಲ ಇದು, ವರ್ಷಗಟ್ಟಲೆ ಆಗಿರೋದು. ಅಕ್ಕಿ ಮಿಲ್ಲಿನ ಹಮಾಲಿ ಇರಬೇಕು, ಇಲ್ಲಾಂದ್ರೆ ಕಬ್ಬು ಲೋಡ್ ಮಾಡೋನು.’ ಜನರ ಕಡೆ ತಿರುಗಿ ದನಿ ಏರಿಸಿದರು. ‘ಇಷ್ಟಾದ್ರೂ ಇವನ ಕೈಲಿ ಇನ್ನೂ ಹೊರಿಸ್ತಾವ್ನಲ್ಲ, ಯಾವನ್ರೀ ಅವನು? ಮನುಷ್ಯನಾ?’

‘ನೀವೇ ಡಾಕ್ಟ್ರೇ’ ಅಂದಳು ನಾಗಶ್ರೀ. ‘ಇದು ನನ್ ಬೆನ್ನು.’

ಪ್ಲಾಸ್ಟರ್ ಸುಲಿದಳು. ಅವಳ ಹೆಸರು, ವಯಸ್ಸು, ಊರು ಎಲ್ಲ ಬೆಳಕಿನಲ್ಲಿ ಕಂಡಿತು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ‘ಅಯ್ಯೋ ಶಿವನೇ’ ಅಂದಳು. ಡಾಕ್ಟರು ಆ ಫಿಲಂ ತೆಗೆದು ಕವರಿನಲ್ಲಿಟ್ಟು, ಅವಳ ಕೈಗೆ ಕೊಟ್ಟು, ‘ಮುಂದಿನವರು ಬನ್ನಿ’ ಅಂದರು. ಅವತ್ತು ಮತ್ತೆ ಯಾರ ಕಸುಬನ್ನೂ ಹೇಳಲಿಲ್ಲ. ನನಗಂತೂ ಚಪ್ಪಾಳೆ ಹೊಡೆಯಬೇಕು ಅನಿಸಿತು, ಅಂಗಡಿ ಬಾಡಿಗೆಗೆ ಕೊಟ್ಟವರು ಅವರೇ ಅಂತ ನೆನಪಾಗಿ ಕೈ ಕಟ್ಟಿಕೊಂಡೆ.

ಮಧ್ಯಾಹ್ನ ಅವಳನ್ನು ಒಳಗೆ ಕರೆದರು. ಡಾಕ್ಟರ ಕೋಣೆಯ ಗೋಡೆ ಪ್ಲೈವುಡ್ಡಿನದು, ಕಿವಿಗೊಡಬೇಕಾಗಿಯೇ ಇಲ್ಲ.

‘ಜನದ ಮುಂದೆ ನನ್ನ ಮಾನ ತೆಗೆದೆ.’

‘ಮೊದ್ಲು ಮೆತ್ಗೇ ಯೋಳ್ದೆ, ನೀವು ಎಲ್ರ ಮುಂದೆ ನಕ್ಬುಟ್ರಿ.’

ಕುರ್ಚಿ ಎಳೆದ ಸದ್ದು ಕೇಳಿತು. ಆಮೇಲೆ ಡಾಕ್ಟರ ದನಿ ಮೆತ್ತಗಾಯಿತು. ‘ಆಯ್ತು ಬಿಡು. ಬಿಲ್ ಕೌಂಟರಲ್ಲಿ ಕೂತ್ಕೊ. ಸಂಬಳ ಅಷ್ಟೇ ಕೊಡ್ತೀನಿ. ಸೋಮವಾರ ಮಳವಳ್ಳಿಯಿಂದ ಒಂದು ಹುಡುಗಿ ಬತ್ತಾಳೆ, ಗಗನ ಅಂತ, ಈಗ ತಾನೆ ಡಿಪ್ಲೊಮಾ ಮುಗಿಸವ್ಳೆ, ಗಟ್ಟಿಮುಟ್ಟಾಗವ್ಳೆ. ಅವಳಿಗೆ ಮಷೀನ್ ತೋರಿಸ್ಕೊಡು.’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನು ಗೋಡೆಯ ಈಚೆ ಹಲ್ಲು ಕಚ್ಚಿಕೊಂಡು ನಿಂತೆ. ಒಳಗೆ ನಾಗಶ್ರೀ ಕಿರುಚಲಿಲ್ಲ, ಅಳಲಿಲ್ಲ.

‘ನಾನೂ ಬಂದಾಗ ಗಟ್ಟಿಮುಟ್ಟಾಗೇ ಇದ್ದೆ ಸಾರ್. ಬಿಲ್ಲು ಬರೆಯಕ್ಕೆ ನಾನು ಓದ್ನಿಲ್ಲ, ಪಟ ತೆಗೆಯಕ್ಕೆ ಓದ್ದೋಳು. ಆ ಕೋಣೆ ಬುಡಾಕಿಲ್ಲ. ಒಬ್ಳೇ ಎತ್ತಾಕೂ ಇಲ್ಲ. ಆ ಹುಡ್ಗಿ ಕೈಲಿ ಎತ್ಸಾಕೂ ಬುಡಾಕಿಲ್ಲ.’

‘ಅದು ಹೆಂಗೆ ಬುಡಾಕಿಲ್ವೋ ನಾನೂ ನೋಡ್ತೀನಿ. ಸೋಮವಾರ ಅವಳು ಎತ್ತಲಿಲ್ಲ ಅಂದ್ರೆ ಮಂಗಳವಾರ ನೀನು ಬರೋ ಹಂಗಿಲ್ಲ.’

‘ಬಾವುಟ ಬ್ಯಾಡ ಅಂದಾಗ ನಿಮ್ ತಾತ ಕೆಳಗಿಳಿಸಿದ್ರಾ ಸಾರ್?’

ಬಾಗಿಲು ತೆಗೆದುಕೊಂಡು ಹೊರಗೆ ಬಂದಾಗ ಅವಳ ಕುತ್ತಿಗೆಯೆಲ್ಲ ಬೆವರು. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀರು ಕೇಳಿದಳು. ‘ಕೆಲ್ಸ ಓಯ್ತು ಅಂತ್ಲೇ ಇಟ್ಕೊ ಕಣೆ’ ಅಂದಳು. ಹೆದರಿದ್ದಳು. ಹೆದರಿಕೆ ಇಲ್ಲದವರ ಜಂಬ ನನಗೆ ಬೇಕಿಲ್ಲ. ಹೆದರಿಕೊಂಡೇ ಹಟ ಹಿಡಿದವಳನ್ನು ಅವತ್ತು ಕಂಡೆ.

ಸೋಮವಾರ ಗಗನ ಬಂದಳು. ಸ್ಕೂಲಿನ ಎರಡು ಜಡೆ ಬಿಟ್ಟು ಇನ್ನೂ ಹೆಚ್ಚು ದಿನ ಆಗಿಲ್ಲ ಅನ್ನಿಸುವ ಮುಖ, ಇಸ್ತ್ರಿ ಮಾಡಿದ ಬಿಳಿ ಕೋಟು. ‘ಅಕ್ಕಾ, ನೀವು ಹೆಂಗೆ ಹೇಳಿದ್ರೆ ಹಂಗೆ’ ಅಂತ ನಾಗಶ್ರೀಯ ಹಿಂದೆ ಮುಂದೆ ಓಡಾಡಿದಳು. ನಾಗಶ್ರೀ ಅವಳಿಗೆ ಮೊದಲು ತೋರಿಸಿದ್ದು ಮಷೀನನ್ನಲ್ಲ, ಮಂಚದ ಹೊದಿಕೆಯನ್ನು. ದಪ್ಪ ಹೊದಿಕೆಯನ್ನು ರೋಗಿಯ ಅಡಿಗೆ ಹೇಗೆ ಸೇರಿಸಬೇಕು, ಯಾರು ಯಾವ ಕಡೆ ಹಿಡಿಯಬೇಕು, ಸೊಂಟ ಬಗ್ಗಿಸದೆ ಮಂಡಿ ಹೇಗೆ ಮಡಚಬೇಕು ಅಂತ ಹೇಳಿಕೊಟ್ಟಳು.

ಹನ್ನೊಂದರ ಹೊತ್ತಿಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಕೆಂಪಸಿದ್ದಯ್ಯ ಅಂತ ಕಬ್ಬಿನ ಬೆಳೆಗಾರ, ಲೋಡಿನ ಮೇಲಿಂದ ಬಿದ್ದಿದ್ದ. ಆನೆಯಂಥ ಆಳು. ಒಂದು ಪಾದ ಹೊರಕ್ಕೆ ತಿರುಗಿ ಬಿದ್ದಿತ್ತು, ತೊಡೆಯ ಬುಡ ಮುರಿದಿದೆ ಅಂತ ನನಗೇ ಗೊತ್ತಾಗುವ ಹಾಗಿತ್ತು. ಹಿಂದೆಯೇ ಬೈಕುಗಳಲ್ಲಿ ಅವನ ಅಣ್ಣತಮ್ಮಂದಿರು, ಭಾವಮೈದುನರು, ಅಕ್ಕಪಕ್ಕದ ಗದ್ದೆಯವರು. ನಮ್ಮ ಕಡೆ ಒಬ್ಬ ಬಿದ್ದರೆ ಆಸ್ಪತ್ರೆಗೆ ಒಬ್ಬನೇ ಬರುವುದಿಲ್ಲ, ಅರ್ಧ ಊರು ಬರುತ್ತದೆ. ಎಂದಿನಂತೆ ಅವರನ್ನೆಲ್ಲ ಹೊರಗೆ ನಿಲ್ಲಿಸಿ ಸ್ಟ್ರೆಚರನ್ನು ಎಕ್ಸ್‌ರೇ ಕೋಣೆಗೆ ತಳ್ಳಿದರು. ಡಾಕ್ಟರೂ ಹಿಂದೆಯೇ ಬಂದರು. ಪಂತ ನೋಡಲೆಂದೇ ಬಂದರು ಅಂತ ನನ್ನ ಎಣಿಕೆ.

‘ಎತ್ತಮ್ಮ’ ಅಂದರು ಗಗನಳಿಗೆ. ನಾಗಶ್ರೀಯ ಕಡೆ ನೋಡಲೇ ಇಲ್ಲ.

ಆ ಹುಡುಗಿ ಒಮ್ಮೆ ಇವಳ ಮುಖ, ಒಮ್ಮೆ ಅವರ ಮುಖ ನೋಡಿದಳು. ಮೊದಲ ದಿನದ ಕೆಲಸ, ಪಾಪ. ಬಗ್ಗಿ ಕೆಂಪಸಿದ್ದಯ್ಯನ ಕಂಕುಳಿಗೆ ಕೈ ಹಾಕಿದಳು. ಬೆನ್ನು ಬಿಲ್ಲಿನ ಹಾಗೆ ಬಾಗಿತು.

‘ಕೈ ತೆಗಿಯೇ!’

ನಾಗಶ್ರೀಯ ಆ ದನಿಗೆ ಕಾರಿಡಾರೇ ನಿಂತಿತು. ಗಗನ ಬೆಂಕಿ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

‘ನೀನ್ಯಾರು ಹೇಳೋಕೆ?’ ಅಂದರು ಡಾಕ್ಟರು. ‘ಪೇಷೆಂಟ್ ನರಳ್ತಾವ್ನೆ, ಕಾಣಲ್ವಾ?’

‘ಕಾಣ್ತದೆ. ಅವನ ಮೂಳೇನೂ ಕಾಣ್ತದೆ, ಇವಳ ಬೆನ್ನೂ ಕಾಣ್ತದೆ. ಎರಡೂ ಕಾಣೋದು ನನಗೊಬ್ಬಳಿಗೇ ಇಲ್ಲಿ.’

ಬೋರ್ಡು ಇದ್ದ ಬಾಗಿಲನ್ನು ಪೂರ್ತಿ ತೆಗೆದಳು. ಹೊರಗಿದ್ದ ಗಂಡಸರನ್ನು ಕೂಗಿದಳು. ‘ಬನ್ನಿ ಒಳಕೆ. ಬಸುರಿ ಬಾಣಂತೀರು ಬ್ಯಾಡ. ಗಟ್ಟಿಯಾಗಿರೋರು ಬನ್ನಿ. ಚಪ್ಪಲಿ ಬುಟ್ಟು ಬನ್ನಿ.’

ಕೆಂಪಸಿದ್ದಯ್ಯನ ತಮ್ಮ ಅನುಮಾನಿಸಿದ. ‘ಒಳಕೆ ಬರಂಗಿಲ್ಲ ಅಂತ ಬೋರ್ಡದೆ ಕಣವ್ವ. ನೀವು ಕಾಲ್ಮುಂದಾಗಿ ಉಟ್ದೋರಂತಲ್ಲ, ಉಳುಕ್ಗಿಳುಕು ಏನಾಗಾಕಿಲ್ವಂತೆ ನಿಮ್ಗೆ. ಒಸಿ ನೀವೇ ಎತ್ಬುಡಿ.’

‘ಉಟ್ಟಿದ್ದು ಎಂಗಾರ ಉಟ್ಲಿ ಕಣಣ್ಣ. ಆ ಕಾಲು ಈಗ ಇಲ್ಲ. ಬತ್ತೀಯಾ, ಇಲ್ಲ ನಿಮ್ಮಣ್ಣ ಇಲ್ಲೇ ಬಿದ್ದಿರ್ಲಾ?’

ಬಂದರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ನಾಗಶ್ರೀ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ನಿಂತು ಬರೀ ಬಾಯಲ್ಲಿ ಕೆಲಸ ಮಾಡಿಸಿದಳು. ಗಗನ ಹೊದಿಕೆ ಮಡಚಿ ಕೆಂಪಸಿದ್ದಯ್ಯನ ಅಡಿಗೆ ನಿಧಾನವಾಗಿ ಸೇರಿಸಿದಳು. ಸ್ಟ್ರೆಚರನ್ನು ಟೇಬಲ್ಲಿಗೆ ಒತ್ತಿ ನಿಲ್ಲಿಸಿದರು, ಮಿಸುಕದ ಹಾಗೆ ಒಬ್ಬ ಅದಕ್ಕೆ ಸೊಂಟ ಕೊಟ್ಟು ನಿಂತ. ತಲೆಯ ಕಡೆ ಇಬ್ಬರು, ಸೊಂಟದ ಈಚೆ ಒಬ್ಬ, ಆಚೆ ಒಬ್ಬ. ಮುರಿದ ಕಾಲನ್ನು ಹಿಡಿಯುವುದು ಗೊತ್ತಿದ್ದವರ ಕೆಲಸ. ಅದನ್ನು ಗಗನಳಿಗೆ ಬಿಟ್ಟಳು. ಕಾಲ ಕಡೆ ಹೊದಿಕೆಯ ಒಂದು ಮೂಲೆಗೆ ಇನ್ನೊಬ್ಬ ನಿಂತ, ಮತ್ತೊಂದು ಮೂಲೆಗೆ ಅವಳು ಯಾರನ್ನೂ ಕರೆಯಲಿಲ್ಲ. ಆ ಮೂಲೆಯ ಹತ್ತಿರ ನಿಂತಿದ್ದವರು ಡಾಕ್ಟರು.

‘ಇದು ನನ್ನ ಆಸ್ಪತ್ರೆ’ ಅಂದರು. ದನಿ ಮೊದಲಿನಷ್ಟು ದೊಡ್ಡದಿರಲಿಲ್ಲ. ಊರ ಗಂಡಸರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಕೆಂಪಸಿದ್ದಯ್ಯ ಕಣ್ಣು ಮುಚ್ಚಿಕೊಂಡೇ ‘ಇಡ್ಕೊಳಿ ಸ್ವಾಮಿ, ಪ್ರಾಣ ಓಯ್ತದೆ’ ಅಂತ ನರಳಿದ.

‘ಔದು, ನಿಮ್ದೇ’ ಅಂದಳು ನಾಗಶ್ರೀ. ‘ಆ ಮೂಲೆ ಇಡ್ಕೊಳಿ ಡಾಕ್ಟ್ರೇ. ಸೊಂಟ ಬಗ್ಗುಸ್ಬ್ಯಾಡಿ, ಮಂಡಿ ಮಡಚಿ. ನಾನು ಯೋಳೋಗಂಟ ಯಾರೂ ಎತ್ಬ್ಯಾಡಿ.’

ಡಾಕ್ಟರು ಕೆಂಪಸಿದ್ದಯ್ಯನ ಮುಖ ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಹೊದಿಕೆಯ ಮೂಲೆಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು, ಮಂಡಿ ಮಡಚಿದರು. ಅವಳು ಯಾರನ್ನೂ ಆತುರಪಡಿಸಲಿಲ್ಲ. ಎಲ್ಲರ ಕೈಯನ್ನೂ ಕಣ್ಣಿನಲ್ಲಿ ಒಮ್ಮೆ ನೋಡಿಕೊಂಡು ‘ಊಂ, ಈಗ’ ಅಂದಳು. ಕೆಂಪಸಿದ್ದಯ್ಯ ಒಂದೇ ಸಲಕ್ಕೆ ಟೇಬಲ್ಲಿನ ಮೇಲಿದ್ದ. ಕಿರುಚಲಿಲ್ಲ ಕೂಡ. ಡಾಕ್ಟರು ಮಾತ್ರ ಕೈ ಬಿಟ್ಟು ಉಸಿರು ಎಳೆದುಕೊಳ್ಳುತ್ತ ಸೊಂಟ ಮುಟ್ಟಿ ನೋಡಿಕೊಂಡರು. ಅಷ್ಟು ಜನರ ನಡುವೆ ಹಂಚಿ ಹೋದ ಭಾರವೇ ಅಷ್ಟಿತ್ತು.

‘ಈಗ ಎಲ್ರೂ ಆಚೆ ಓಗಿ’ ಅಂದಳು.

ಗಂಡಸರು ಸಾಲಾಗಿ ಹೊರಬಂದರು. ಡಾಕ್ಟರು ನಿಂತೇ ಇದ್ದರು.

‘ಎಲ್ರೂ ಅಂದೆ ಸಾರ್.’

ಹೊರಗೆ ಬಂದು, ಬೇರೆ ಜಾಗವಿಲ್ಲದೆ, ನನ್ನ ಕೌಂಟರಿಗೆ ಬೆನ್ನು ಕೊಟ್ಟು ನಿಂತರು. ಅವರ ಕೈಯಲ್ಲಿ ಹೊದಿಕೆ ಸುತ್ತಿದ ಕೆಂಪು ಗೆರೆ ಇನ್ನೂ ಇತ್ತು. ನಾಳೆ ಮಂಗಳವಾರ. ನಾಗಶ್ರೀ ಬರುವ ಹಾಗಿಲ್ಲ ಅಂದ ಮಾತನ್ನು ಈಗ ಹೇಳುತ್ತಾರೋ ಅಂತ ನಾನು ಕಾದೆ, ಹೇಳಿದರೆ ನಾನೂ ಅಂಗಡಿ ಖಾಲಿ ಮಾಡುವುದು ಅಂತ ನಿಶ್ಚಯ ಮಾಡಿಕೊಂಡೇ ಕಾದೆ. ಅವರು ಬಾಯಿ ತೆರೆದರು.

ಒಳಗಿನಿಂದ ಆ ದನಿ ಬಂತು. ‘ಅಲ್ಲಾಡ್ಬ್ಯಾಡಿ!’

ಅದು ಕೆಂಪಸಿದ್ದಯ್ಯನಿಗೆ ಹೇಳಿದ ಮಾತು. ಹೊರಗಿದ್ದ ನಾವೆಲ್ಲ ನಿಂತಲ್ಲೇ ನಿಂತೆವು. ಡಾಕ್ಟರು ತೆರೆದ ಬಾಯಿ ಮುಚ್ಚಿದರು.